ರಾಜನ ಎರಡನೇ ಬಲಗೈ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಹೇಳಿದರೆ ನನ್ನ ಬಾಯಿ ಕಹಿಯಾಗುತ್ತೆ, ಬಿಡಿ, ಚೆನ್ನಿಗರಾಯ ಅಂತ ಒಬ್ಬ ರಾಜನಿದ್ದ. ಅವನ ರಾಣಿ ತೀರಿಕೊಂಡಿದ್ದಳು. ತೊಟ್ಟಿಲಲ್ಲಿ ಹೊನ್ನಾಜಿ ಅನ್ನೋ ಹಸುಗೂಸು ಅಳುತ್ತಿತ್ತು. ರಾಣಿ ಹಾಡಿದ ಜೋಗುಳ ಮಾತ್ರ ಒಂದು ಹಾಡಿನ ಪೆಟ್ಟಿಗೆಯಲ್ಲಿ ಉಳಿದಿತ್ತು. ಪಕ್ಕದಲ್ಲೇ ಸ್ಪೀಕರು. ನಡುವೆ ಒಂದು ವೈರು ಸಿಕ್ಕಿಸಿದರೆ ಮುಗಿಯಿತು. ಅಷ್ಟೇ ಕೆಲಸ, ಕೇಳಿಸಿಕೊಳ್ಳಿ, ಅಷ್ಟೇ!

ಆದರೆ ಬಂದದ್ದು ಎರಡು ವೈರು. ಒಬ್ಬ ಅನಲಾಗಪ್ಪ, ಇನ್ನೊಬ್ಬ ಡಿಜಿಟಲಯ್ಯ. ಅರಮನೆಗೆ ಯಾರೇ ಹೊಸದಾಗಿ ಕೆಲಸಕ್ಕೆ ಬಂದರೂ ರಾಜ ಬಲಗೈಯಿಂದ ವೀಳ್ಯ ಕೊಡುವುದು ಅಲ್ಲಿನ ಪದ್ಧತಿ. ವೀಳ್ಯ ಸಿಗದಿದ್ದರೆ ಪೊರಕೆ ಕೂಡ ಕಸ ಗುಡಿಸುತ್ತಿರಲಿಲ್ಲ.

"ಮೊದಲ ವೀಳ್ಯ ನನಗೆ ಮಹಾಸ್ವಾಮಿ," ಅಂದ ಅನಲಾಗಪ್ಪ. "ನಾನು ಹಾಡನ್ನ ಇದ್ದ ಹಾಗೇ ತರ್ತೀನಿ. ಇವನು ಹುರುಳಿಕಾಯಿ ಹೆಚ್ಚಿದ ಹಾಗೆ ಹೆಚ್ಚಿ ತರ್ತಾನೆ."

"ಹೆಚ್ತೀನಿ, ಆದರೆ ಒಂದು ಚೂರೂ ಬಿಡದೆ ಆ ಕಡೆ ಜೋಡಿಸ್ತೀನಿ," ಅಂದ ಡಿಜಿಟಲಯ್ಯ. "ಇವನು ದಾರೀಲಿ ಮಿಕ್ಸಿ ಗುಂಯ್ ಅಂದರೆ ಅದನ್ನೂ ಹೊತ್ಕೊಂಡು ಬರ್ತಾನೆ. ಮೊದಲ ವೀಳ್ಯ ನನಗೆ!"

ದಾದಿ ದ್ಯಾಮವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಯಾವುದೋ ಒಂದು ಸಿಕ್ಕಿಸಿ ಬುದ್ಧಿ. ಕೂಸು ಅವ್ವನ ದನಿ ಮರೆತುಬಿಡ್ತದೆ."

"ಸುಮ್ಮನಿರು. ಇದು ಮರ್ಯಾದೆ ಪ್ರಶ್ನೆ," ಅಂದ ರಾಜ.

ಇಬ್ಬರಿಗೂ ಒಟ್ಟಿಗೇ ಕೊಡಿ ಅಂದರು ಮಂತ್ರಿಗಳು. ಒಟ್ಟಿಗೇ ಕೊಡಲು ಎರಡು ಕೈ ಬೇಕು. ಎಡಗೈಯಲ್ಲಿ ಕೊಟ್ಟರೆ ಅವಮಾನ. ಆದ್ದರಿಂದ ರಾಜನಿಗೆ ಎರಡನೇ ಬಲಗೈ ಬೇಕು! ಇದನ್ನು ಕೇಳಿ ಸಭೆಯಲ್ಲಿ ಒಬ್ಬನಾದರೂ ನಕ್ಕನೇ? ಇಲ್ಲ. ಎಲ್ಲರೂ ತಲೆಯಾಡಿಸಿದರು.

ಬಡಗಿ ಹಲಸಿನ ಮರದಲ್ಲಿ ಒಂದು ಬಲಗೈ ಕೆತ್ತಿದ. ಮರದ ಕೈ ಬಂದದ್ದೇ ಮುಷ್ಟಿ ಬಿಗಿಹಿಡಿಯಿತು. "ನಾನೂ ಹೊಸಬ. ನನ್ನ ವೀಳ್ಯ ಎಲ್ಲಿ?"

ಕೊಟ್ಟರು. ಆಗ ಎಡಗೈ ಕೆರಳಿತು. "ಹುಟ್ಟಿದಾಗಿನಿಂದ ನಿನ್ನ ಹೇಳಬಾರದ ಕೆಲಸವೆಲ್ಲ ಮಾಡಿದ್ದು ನಾನು. ನನಗೆ ಒಂದು ಎಲೆಯೂ ಇಲ್ಲ. ಈ ಮರದ ತುಂಡಿಗೆ ವೀಳ್ಯವಾ? ಇನ್ನು ಮೇಲೆ ನೀನುಂಟು, ನಿನ್ನ ಚೊಂಬು ಉಂಟು!"

ಎಡಗೈ ಮುಷ್ಕರ ಹೂಡಿತು. ಸಭೆಯವರು ಮೂಗು ಹಿಡಿದು ಕೂತರು. ಮೈಲಿಗೆ ಮೈಯಲ್ಲಿ ವೀಳ್ಯ ಕೊಡುವಂತಿಲ್ಲ. ರಾಜ ಕ್ಷಮೆ ಕೇಳಿದ. "ಕೈ ಮುಗಿದು ಕೇಳು," ಅಂದಿತು ಎಡಗೈ. ಕೈ ಮುಗಿಯಲು ಎಡಗೈ ಬೇಕು. ಎಡಗೈ ಮುಷ್ಕರದಲ್ಲಿದೆ. ಎರಡು ಬಲಗೈ ಸೇರಿಸಿ ಮುಗಿದ. ಹೆಬ್ಬೆರಳುಗಳು ಹೊಂದಲಿಲ್ಲ. ಎಡಗೈ ಒಪ್ಪಲಿಲ್ಲ. ವರ್ಷಗಳು ಹೋದವು, ಸ್ವಾಮಿ, ವರ್ಷಗಳು!

ಈ ನಡುವೆ ಒಂದು ದಿನ ಕೂಸಿನ ಅಳು ನಿಂತಿತು. ಅರಮನೆಯಲ್ಲಿ ಸಕ್ಕರೆ ಹಂಚಿದರು. "ಅತ್ತು ಸಾಕಾಗಿ ಸುಮ್ಮನಾಗಿದೆ ಕಣ್ರೋ, ಕಲ್ಲೆದೆಯವರಾ!" ಅಂತ ದ್ಯಾಮವ್ವ ಕೂಗಿದಳು. ಅವಳ ಕೈಗೂ ಸಕ್ಕರೆ ಹಾಕಿ ಹೋದರು.

ಕೊನೆಗೆ ಎಡಗೈ ತಾನೇ ಬೇಸತ್ತು ಕೆಲಸಕ್ಕೆ ಬಂತು. ಎರಡು ಬಲಗೈ ಎರಡು ವೀಳ್ಯವನ್ನು ಒಟ್ಟಿಗೇ ಕೊಟ್ಟವು. ಎರಡೂ ವೈರು ಸಿಕ್ಕಿಸಿದರು. ಹಾಡು ಬಂತು. ರಾಣಿ ನಡುವೆ ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಸಭೆ ಭಲೇ ಅಂದಿತು.

ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಹೊನ್ನಾಜಿ ಲಂಗ ಎತ್ತಿ ಹಿಡಿದು ಬಾಗಿಲಿಗೆ ಬಂದಳು.

"ದ್ಯಾಮವ್ವ, ಯಾರು ಈ ಹೆಂಗಸು? ಚೆನ್ನಾಗಿ ಹಾಡ್ತಾರೆ," ಅಂದಳು.

ಇನ್ನು ನಿಮಗೆ ನೀತಿ ಬೇರೆ ಬೇಕೇನು? ತಗೊಳ್ಳಿ: ವೀಳ್ಯವನ್ನು ಸರಿಯಾದ ಕೈಯಲ್ಲೇ ಕೊಟ್ಟರು. ಅವರು ಅಲ್ಲಿ ಎಲೆ ಜಗಿಯುತ್ತಿದ್ದಾರೆ, ನಾನು ಇಲ್ಲಿ ಹಲ್ಲು ಕಡಿಯುತ್ತಿದ್ದೇನೆ.