ಬಗ್ಗಿದರೆ ಮಾತ್ರ ಸ್ಟಾರ್ಟ್ ಆಗುವ ಬೈಕು

ನಂಬದಿದ್ದರೆ ಬಿಡಿ. ನಮ್ಮೂರ ಅಧ್ಯಕ್ಷರ ಬಾಯಿ ಮುಚ್ಚಿಸಿದವನು ನಾನೇ, ಅದೂ ಹೆಬ್ಬೆರಳು ಗಾತ್ರದ ಒಂದು ಸ್ವಿಚ್ಚಿನಿಂದ.

ಪಂಚಾಯಿತಿ ಅಧ್ಯಕ್ಷ ಮರಿಸಿದ್ದೇಗೌಡರು ನನ್ನ ಬೈಕಿನ ಎರಡನೇ ಕೀ ಇಸಿದುಕೊಂಡು ಜೇಬಿಗೆ ಹಾಕಿಕೊಂಡಿದ್ದರು. "ಊರ ಗಾಡಿ ಅಂದ್ರೆ ಅಧ್ಯಕ್ಷನ ಗಾಡಿ ಕಣೋ" ಅನ್ನುವರು, ಬೆಳಿಗ್ಗೆ ಹೇಳದೆ ಕೇಳದೆ ಹತ್ತಿ ಹೋಗುವರು. ಮಾರ್ಕೆಟ್ಟಿಗೆ ಹೋಗಬೇಕಾದ ನನ್ನ ಸೇವಂತಿಗೆ ಮೂಟೆಯಲ್ಲೇ ಬಾಡುತ್ತಿತ್ತು.

ನಾನು ಸುಮ್ಮನಿರೋ ಆಸಾಮಿಯಾ? ಇಗ್ನಿಷನ್ ವೈರು ಕತ್ತರಿಸಿ, ನಡುವೆ ಒಂದು ಸ್ವಿಚ್ ಕೂರಿಸಿದೆ. ಅದನ್ನು ಹೆಡ್‌ಲೈಟಿನ ಕೆಳಗೆ, ದೃಷ್ಟಿಗೆ ಕಟ್ಟಿದ ನಿಂಬೆಹಣ್ಣಿನ ಹಿಂದೆ ಅಡಗಿಸಿದೆ. ದಿನಾ ಬೆಳಿಗ್ಗೆ ಬಗ್ಗಿ ಗಾಡಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಸರಿಯಾಗಿ ಅಲ್ಲಿ.

ಮರುದಿನ ಟೀ ಅಂಗಡಿ ಮುಂದೆ ನಾನು ನಿಲ್ಲಿಸಿದ್ದ ಬೈಕು ಹತ್ತಿ ಗೌಡರು ಕಿಕ್ಕರ್ ಒದ್ದೇ ಒದ್ದರು. ಬಿಳಿ ಜುಬ್ಬಾ ಬೆವರಿಗೆ ಬೆನ್ನಿಗಂಟಿತು. ಜನ ಸೇರಿದರು. ನಾನು ಹೋಗಿ ಗಾಡಿಗೆ ಬಗ್ಗಿ ನಮಸ್ಕಾರ ಮಾಡಿದೆ. ಒಂದೇ ಒದೆತಕ್ಕೆ ಬೈಕು ಗುಡುಗಿತು. ನಿಂಬೆಹಣ್ಣು ಒರೆಸುವ ನೆಪದಲ್ಲಿ ಸ್ವಿಚ್ ಆರಿಸಿ ಗೌಡರಿಗೆ ಬಿಟ್ಟುಕೊಟ್ಟೆ. ಮತ್ತೆ ಸದ್ದಿಲ್ಲ.

"ಏನು ಮಾಟ ಮಾಡಿಸಿದ್ದೀಯೋ?"

"ಮಾಟ ಯಾಕೆ ಗೌಡ್ರೇ? ಬಗ್ಗಿ ನಮಸ್ಕಾರ ಮಾಡ್ದೋರಿಗೆ ಸ್ಟಾರ್ಟ್ ಆಯ್ತದೆ. ನೀವೂ ಮಾಡಿ ನೋಡಿ."

ನಾನು ಹೇಳಿದ್ದು ಅಪ್ಪಟ ನಿಜ. ಗೌಡರು ನಿಂಬೆಹಣ್ಣು ನೋಡಿದರು, ಜನರನ್ನು ನೋಡಿದರು.

"ಹೂವಿನ ಗಾಡಿಗೆ ನಾನು ಬಗ್ಗೋದಾ? ಹುಟ್ಟಿದಾಗಿಂದ ಯಾರಿಗೂ ಬಗ್ಗಿಲ್ಲ."

"ಎಲೆಕ್ಷನ್ನಲ್ಲಿ ನನ್ನ ಕಾಲಿಗೆ ಬಿದ್ರಲ್ಲ ಗೌಡ್ರೇ" ಎಂದಳು ಟೀ ಅಂಗಡಿಯ ಕೆಂಪಾಜಮ್ಮ, ಲೋಟ ತೊಳೆಯುತ್ತಲೇ.

ಜನ ನಕ್ಕರು. ಗೌಡರು ಬೈಕಿನಿಂದ ಕೀ ಕಿತ್ತು ನನ್ನ ಅಂಗೈಗೆ ಹಾಕಿ, ನಡೆದೇ ಹೋದರು.

ನನ್ನ ಎರಡನೇ ಕೀ ನನಗೆ ಸಿಕ್ಕಿತು.