ನಾಲ್ಕು ದಿಕ್ಕು ನೋಡಿದ ಕೊಟ್ರೇಶಿ

ಮನೆಗೆ ಬೀಗರು ಬಂದಿದ್ದಾರೆಂದು ಜಹಾಂಗೀರ್ ಕಟ್ಟಿಸಲು ಹೋದ ಕೊಟ್ರೇಶಿ, ಹಾಲಸ್ವಾಮಿಯ ಅಂಗಡಿಯ ಮುಂದೆ ಬೆಪ್ಪಾಗಿ ನಿಂತುಬಿಟ್ಟ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಒಲೆ ಇಲ್ಲ, ಬಾಣಲೆ ಇಲ್ಲ, ತುಪ್ಪದ ಘಮ ಇಲ್ಲ. ದಾವಣಗೆರೆಯ ಆ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ, ಸೀಮಂತ, ಗೃಹಪ್ರವೇಶ ಏನೇ ಇದ್ದರೂ ಜನ ಮೊದಲು ಬರುತ್ತಿದ್ದದ್ದು ಹಾಲಸ್ವಾಮಿಯ ಬಳಿಗೆ.

"ಹಾಲಣ್ಣ ಎಲ್ಲಿ ಹೋದ್ರು?" ಎಂದು ಪಕ್ಕದ ಹೂವಿನವಳನ್ನು ಕೇಳಿದ.

"ಅಯ್ಯೋ, ನಿಮಗ ಗೊತ್ತಿಲ್ಲೇನ್ರೀ? ಅವರ ಕೈ ಹೋತಂತ. ಇನ್ನ ಒಲಿ ಮುಂದ ಕೂರಂಗಿಲ್ಲ ಅಂತ ಅಂಗಡಿ ಬಿಟ್ಟುಕೊಟ್ರು. ತಿಂಗಳಾತು."

ಹಾಲಸ್ವಾಮಿಯ ಕೈಗೂ ಕೊಟ್ರೇಶಿಯ ಕೆಲಸಕ್ಕೂ ಒಂದು ನಂಟಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೊಟ್ರೇಶಿ ಮನೆಯಲ್ಲಿಟ್ಟುಕೊಂಡು ಆಡುವ ಆರ್ಕೇಡ್ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದ್ದ. ಹಿಂದೆ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದೆವಲ್ಲ, ಅಂಥವು. ಪ್ಲೈವುಡ್ಡಿನ ಪೆಟ್ಟಿಗೆ, ಅದಕ್ಕೊಂದು ಪರದೆ, ಕೆಳಗೆ ಗುಂಡಿಗಳು, ಜಾಯ್‌ಸ್ಟಿಕ್. ಕೆಲಸ ಬಲು ಅಚ್ಚುಕಟ್ಟು. ಬಿಗುಮಾನವೂ ಅಷ್ಟೇ ಇತ್ತು ಅನ್ನಿ. ತನ್ನ ಪೆಟ್ಟಿಗೆಯಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಸಿಟ್ಟು ಅವನ ಮೂಗಿನ ತುದಿಗೆ ಬಂದು ಕೂರುತ್ತಿತ್ತು.

ಎಂಟು ತಿಂಗಳ ಹಿಂದೆ ಹಾಲಸ್ವಾಮಿ ಅವನನ್ನು ಹುಡುಕಿಕೊಂಡು ಬಂದಿದ್ದ. ಸ್ಕೂಟರಿನಿಂದ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೂಳೆ ಕೂಡಿಕೊಂಡಿತ್ತು, ಆದರೆ ಕೈ ಬಿಗಿದುಹೋಗಿತ್ತು. ಮಣಿಕಟ್ಟನ್ನು ದಿನಾ ತಿರುಗಿಸಬೇಕೆಂದು ಡಾಕ್ಟರು ಹೇಳಿದ್ದರು. ಸುಮ್ಮನೆ ತಿರುಗಿಸಿ ತಿರುಗಿಸಿ ಬೇಜಾರಾಗಿದೆ, ಚಿಕ್ಕವನಿದ್ದಾಗ ಆಡುತ್ತಿದ್ದ ಸಿಪಾಯಿ ಆಟ ಮನೆಯಲ್ಲಿದ್ದರೆ ವ್ಯಾಯಾಮವೂ ಆದೀತು ಎಂದ. ಜಹಾಂಗೀರ್ ಹಾಕುವವನಿಗೆ ಮಣಿಕಟ್ಟೇ ಅನ್ನ. ಹಿಟ್ಟಿನ ಬಟ್ಟೆಯನ್ನು ಹಿಂಡುತ್ತಾ ಬಾಣಲೆಯ ಮೇಲೆ ಸುತ್ತು ಬಿಡುವಾಗ ಅದು ಒಂದಿಷ್ಟು ಅಲುಗಿದರೂ ಎಸಳು ಕೆಡುತ್ತದೆ.

ಆ ಆಟಕ್ಕೆ ತಿರುಗುವ ಜಾಯ್‌ಸ್ಟಿಕ್ ಬೇಕು. ಅದನ್ನು ವಾಲಿಸಿದ ಕಡೆಗೆ ಸಿಪಾಯಿ ನಡೆಯುತ್ತಾನೆ. ಅದರ ತಲೆಯನ್ನು ತಿರುಪಿದ ಕಡೆಗೆ ಬಂದೂಕು ತಿರುಗುತ್ತದೆ. ಕೊಟ್ರೇಶಿ ಎರಡು ಬಗೆಯದನ್ನು ಮೇಜಿನ ಮೇಲಿಟ್ಟ. ಒಂದು ನುಣ್ಣಗೆ ಸುತ್ತುತ್ತಿತ್ತು. ಇನ್ನೊಂದು ಸುತ್ತಿಗೆ ಹನ್ನೆರಡು ಸಲ ಕಟಕ್ ಕಟಕ್ ಎನ್ನುತ್ತಿತ್ತು.

"ನಿಮಗ ಕಟಕ್ ಅನ್ನೋದೇ ಸರಿ ಹಾಲಣ್ಣ. ಎಷ್ಟು ತಿರುಗಿತು ಅಂತ ಕೈಗೇ ಗೊತ್ತಾಗ್ತತಿ," ಎಂದ. ನೋಯುವ ಕೈಗೆ ಭಾರವಾಗದಿರಲೆಂದು ಮೆತ್ತನೆಯ ಸ್ಪ್ರಿಂಗ್ ಹಾಕಿದ. ಮೊಣಕೈ ಊರಲು ಸಿಗುವಂತೆ ಹಲಗೆಯನ್ನೂ ಇಳಿಸಿದ. ಇಲ್ಲಿಯವರೆಗೆ ಅವನನ್ನು ಹೊಗಳಲೇಬೇಕು.

ಎಡವಿದ್ದು ಆಮೇಲೆ. ಹನ್ನೆರಡು ಕಟಕ್‌ಗಳಿಗೆ ಹನ್ನೆರಡು ವೈರು. ಗಡಿಯಾರದ ಹನ್ನೆರಡು ಅಂಕಿಗಳ ಹಾಗೆ ಒಂದೊಂದೂ ತನ್ನ ಜಾಗದಲ್ಲೇ ಕೂರಬೇಕು. ಕೊಟ್ರೇಶಿ ಎಲ್ಲವನ್ನೂ ಜೋಡಿಸಿ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿದ. ನಾಲ್ಕೂ ಕಡೆ ಬಂದೂಕು ಸರಿಯಾಗಿ ನಿಂತಿತು. ಸಾದಾ ಜಾಯ್‌ಸ್ಟಿಕ್ಕಿಗೆ ನಾಲ್ಕು ದಿಕ್ಕು ನೋಡಿದರೆ ಮುಗಿಯಿತು, ಅದು ಅವನ ವರ್ಷಗಳ ರೂಢಿ. ಉಳಿದ ಎಂಟನ್ನು ಅವನು ನೋಡಲೇ ಇಲ್ಲ.

ವಾರದಲ್ಲೇ ಹಾಲಸ್ವಾಮಿ ಫೋನ್ ಮಾಡಿದ. "ಕೊಟ್ರೇಶಣ್ಣ, ಬಲಗಡಿ ಕೆಳಮೂಲಿಗೆ ತಿರುವಿದ್ರ ಬಂದೂಕು ಎಲ್ಲೋ ಹಾರ್ತತಿ. ಒಂದ್ಸಲ ಬಂದು ನೋಡ್ತೀರಾ?"

"ನಾನೇ ನೋಡಿ ಕೊಟ್ಟೀನಿ ಹಾಲಣ್ಣ. ಮಷೀನ್ ಸರಿ ಐತಿ. ನಿಮ್ಮ ಕೈನೇ ಇನ್ನೂ ಮಾತು ಕೇಳ್ತಿಲ್ಲ, ಪ್ರಾಕ್ಟೀಸ್ ಮಾಡ್ರಿ," ಎಂದ ಕೊಟ್ರೇಶಿ. ಮೂರು ಸಲ ಫೋನ್ ಬಂತು, ಮೂರು ಸಲವೂ ಇದೇ ಉತ್ತರ. ನಾಲ್ಕನೆಯ ಸಲ ಫೋನ್ ಬರಲಿಲ್ಲ. ಕೈ ಪಳಗಿರಬೇಕು ಎಂದುಕೊಂಡು ಕೊಟ್ರೇಶಿ ಅದನ್ನು ಮರೆತ.

ಈಗ ಅವನು ನೇರವಾಗಿ ಹಾಲಸ್ವಾಮಿಯ ಮನೆಗೆ ನಡೆದ. ಬಾಗಿಲು ತೆರೆದವಳು ಹಾಲಸ್ವಾಮಿಯ ಹೆಂಡತಿ ದಾಕ್ಷಾಯಣಮ್ಮ. ಪಡಸಾಲೆಯ ಮೂಲೆಯಲ್ಲಿ ಅವನು ಮಾಡಿಕೊಟ್ಟ ಪೆಟ್ಟಿಗೆಗೆ ಹಾಸಿಗೆಯ ಬಟ್ಟೆ ಹೊದಿಸಿದ್ದರು. ಹಾಲಸ್ವಾಮಿ ಅರ್ಧ ಆಗಿಹೋಗಿದ್ದ.

"ಬಂದಿದ್ದು ಚಲೋ ಆತು. ಇದನ್ನ ತಗಂಡ್ ಹೋಗ್ರಿ ಕೊಟ್ರೇಶಣ್ಣ. ಕಣ್ಣಿಗೆ ಬಿದ್ರ ಸಂಕಟ ಆಗ್ತತಿ."

"ಅಂಗಡಿ ಯಾಕ ಬಿಟ್ರಿ ಹಾಲಣ್ಣ?"

"ಈ ಆಟದ ಮೊದಲನೇ ಹಂತ ದಾಟಿದ ದಿನ ಒಲಿ ಹಚ್ಚತೀನಿ ಅಂತ ಮನಸ್ಸಿನಾಗ ಅನ್ಕಂಡಿದ್ದೆ. ಆರು ತಿಂಗಳು ಬಿಡದಂಗ ಆಡಿದೆ. ಆ ಕೆಳಮೂಲಿ ಬಂತಂದ್ರ ಕೈ ತಪ್ಪೇ ತಪ್ತತಿ. ಆಟದಾಗ ಸತ್ರ ಮತ್ತ ಎದ್ದು ಬರಬಹುದು. ಕುದಿಯೋ ತುಪ್ಪದ ಮುಂದ ಕೈ ತಪ್ಪಿದ್ರ ಏನ್ಮಾಡ್ಲಿ? ನೀವೂ ಹೇಳಿದ್ರಲ್ಲ, ಕೈದೇ ತಪ್ಪು ಅಂತ."

ಕೊಟ್ರೇಶಿಗೆ ಅಷ್ಟು ಹೊತ್ತಿಗೂ, ನೀವು ನಂಬುತ್ತೀರೋ ಇಲ್ಲವೋ, ಪೆಟ್ಟಿಗೆಯ ಮೇಲೆ ಅನುಮಾನ ಬಂದಿರಲಿಲ್ಲ. ಹೇಗೆ ಆಡಬೇಕೆಂದು ತೋರಿಸಿಕೊಡೋಣವೆಂದು ಬಟ್ಟೆ ಸರಿಸಿ ಕುಳಿತ. ಕೆಳಮೂಲೆಯಿಂದ ವೈರಿ ಬಂದ. ಕೊಟ್ರೇಶಿಯ ಸಿಪಾಯಿ ಸತ್ತ. "ಕುರ್ಚಿ ಎತ್ತರ ಆತು," ಎಂದು ನಕ್ಕ. ಇನ್ನೊಮ್ಮೆ ಆಡಿದ. ಅದೇ ಮೂಲೆಯಲ್ಲಿ ಮತ್ತೆ ಸತ್ತ. ಈ ಸಲ ನಗು ಬರಲಿಲ್ಲ.

ಮೂರನೆಯ ಸಲ ಬಂದೂಕನ್ನು ನೇರ ಬಲಕ್ಕೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಒಂದೇ ಒಂದು ಕಟಕ್ ತಿರುಗಿಸಿದ. ಬಂದೂಕು ಎರಡು ಹೆಜ್ಜೆ ಕೆಳಕ್ಕೆ ಹಾರಿತು. ಇನ್ನೊಂದು ಕಟಕ್ ತಿರುಗಿಸಿದ. ಒಂದು ಹೆಜ್ಜೆ ಹಿಂದಕ್ಕೆ ಬಂತು! ಹಲಗೆ ಎತ್ತಿ ಒಳಗೆ ಇಣುಕಿದ. ನಾಲ್ಕನೆಯ ವೈರು ಐದನೆಯದರ ಜಾಗದಲ್ಲಿತ್ತು, ಐದನೆಯದು ನಾಲ್ಕನೆಯದರ ಜಾಗದಲ್ಲಿತ್ತು. ಎರಡನ್ನೂ ಕಿತ್ತು ಅದಲುಬದಲು ಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮತ್ತೆ ಆಡಿದ. ಕೆಳಮೂಲೆಯ ವೈರಿ ಮೊದಲ ಗುಂಡು ತಾಗುತ್ತಲೇ ಬಿದ್ದ.

ದಾಕ್ಷಾಯಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಹಾಲಸ್ವಾಮಿ ಪರದೆಯನ್ನೊಮ್ಮೆ, ಕೊಟ್ರೇಶಿಯನ್ನೊಮ್ಮೆ ನೋಡಿದ. ಆಮೇಲೆ ಕೇಳಿದ.

"ಹಂಗಾರ ನನ್ನ ಕೈ ಸರಿ ಇತ್ತಾ?"

"ಸರಿ ಇತ್ತು ಹಾಲಣ್ಣ. ಮೊದಲನೇ ದಿನದಿಂದ ಸರಿ ಇತ್ತು. ತಪ್ಪು ನಂದು."

ಹಾಲಸ್ವಾಮಿ ಬೈಯಲಿಲ್ಲ. ಬೈದಿದ್ದರೆ ಕೊಟ್ರೇಶಿ ಬದುಕಿಕೊಳ್ಳುತ್ತಿದ್ದ. ಹಾಲಸ್ವಾಮಿ ಎಡಗೈಯಿಂದ ಬಲಗೈಯನ್ನು ಸವರಿದ. "ದಿನಾ ಇದಕ್ಕ ಬೈದೀನಿ," ಎಂದ. "ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಕೈ. ಸಿಟ್ಟು ತಡೀಲಾರದ ಒಂದಿನ ಗೋಡಿಗೆ ಬಡಿದೆ."

ಕೊಟ್ರೇಶಿ ಅವನ ಕಾಲಿಗೆ ಬಗ್ಗಿದ. ದಾಕ್ಷಾಯಣಮ್ಮ ತಡೆದಳು. ಆದರೆ ಅವಳು ಆಡಿದ ಮಾತು ಅವನ ಕಿವಿಗೆ ಕಾದ ಸೀಸ ಹೊಯ್ದಂತಾಯಿತು.

"ಕೈ ಚಲೋ ಐತಿ ಅಂತ ಡಾಕ್ಟ್ರು ಹೇಳಿದ್ರು, ಇವರು ನಂಬಲಿಲ್ಲ. ನಾನು ಹೇಳಿದೆ, ನಂಬಲಿಲ್ಲ. ಕೊಟ್ರೇಶಣ್ಣ ಮಷೀನ್ ಮಾಡಿದವರು, ಅವರಿಗಿಂತ ನಿನಗ ಹೆಚ್ಚಿಗಿ ಗೊತ್ತೈತಾ ಅಂದ್ರು. ಒಂದು ಸಲ ಬಂದು ಇಲ್ಲಿ ಕೂತಿದ್ರ ಸಾಕಿತ್ತಲ್ರೀ?"

ಕೊಟ್ರೇಶಿ ತಲೆ ತಗ್ಗಿಸಿ ಹೊರಗೆ ಬಂದ. ಹೊಸ್ತಿಲು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ರಸ್ತೆಯ ನಡುವೆಯೇ ಗಕ್ಕನೆ ನಿಂತ. ತನ್ನಿಂದ ಪೆಟ್ಟಿಗೆ ಕೊಂಡ ಇನ್ನೂ ಕೆಲವರು ಹಿಂದೆ ಹೀಗೇ ದೂರಿದ್ದು ಅವನಿಗೆ ನೆನಪಾಯಿತು. ರಾಣೆಬೆನ್ನೂರಿನಿಂದ ಒಬ್ಬ ಹುಡುಗಿ ಅಳುತ್ತಾ ಫೋನ್ ಮಾಡಿದ್ದಳು. ಹರಿಹರದ ನಿವೃತ್ತ ಮೇಷ್ಟರು, ಗುರಿ ತಪ್ಪುತ್ತಿದೆ, ಕಣ್ಣಿಗೇ ಏನೋ ಆಗಿದೆಯಾ ಎಂದು ಗಾಬರಿಯಿಂದ ಕೇಳಿದ್ದರು. ಇನ್ನೂ ಯಾರ್ಯಾರು? ಅವರಿಗೆಲ್ಲ ಅವನು ಕೊಟ್ಟದ್ದು ಒಂದೇ ಉತ್ತರ. ಅವರು ಅದನ್ನು ನಂಬಿ ಏನೇನು ಬಿಟ್ಟುಕೊಟ್ಟರೋ! ಅವನು ಮನೆಗೆ ಹೋಗಲಿಲ್ಲ. ಎದುರಿಗೆ ಬಂದ ಹರಿಹರದ ಬಸ್ಸಿಗೆ ಕೈ ಅಡ್ಡ ಹಿಡಿದ.

ನೀತಿ: ನಿನ್ನ ಕೆಲಸದಲ್ಲಿ ಯಾರಾದರೂ ತಪ್ಪು ತೋರಿಸಿದರೆ, ಅವರನ್ನು ದೂರುವ ಮೊದಲು ನೀನೇ ಹೋಗಿ ಪೂರ್ತಿ ಪರೀಕ್ಷಿಸಿ ನೋಡು. ಬಲ್ಲವರು ಉದಾಸೀನದಿಂದ ಆಡಿದ ಮಾತನ್ನು ಒಳ್ಳೆಯವರು ಬದುಕಿಡೀ ನಂಬಿಬಿಡುತ್ತಾರೆ.