ಚರ್ಮ ಬೆಳೆಸಿದವಳು

"ಗುರುಗಳೇ, ಯಾವುದಕ್ಕೂ ಅಂಟಿಕೊಳ್ಳದವನೇ ಮುಕ್ತನಲ್ಲವೇ?" ಎಂದು ಮರುಳಸಿದ್ಧ ಕೇಳಿದ. ಅವನು ಮನೆ ಬಿಟ್ಟು ಒಂದು ಮಠ ಸೇರಿದ್ದ. ಆ ಮಠ ಬಿಟ್ಟು ಇನ್ನೊಂದಕ್ಕೆ ಹೋಗಿದ್ದ. ಈಗ ಇಲ್ಲಿಂದಲೂ ಹೊರಡಲು ಅಪ್ಪಣೆ ಬೇಡಿ ಬಂದಿದ್ದ. ಕೂರು ಎಂದರೂ ಕೂರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ವಸುಮತಿ ಎಂಬ ವೈದ್ಯೆಯಿದ್ದಳು. ಸುಟ್ಟ ಗಾಯಗಳಿಗೆ ಚರ್ಮ ಬೆಳೆಸಿಕೊಡುವುದು ಅವಳ ಕೆಲಸ. ಒಂದು ದಿನ ಒಬ್ಬ ಅಡುಗೆಯವನನ್ನು ಹೊತ್ತು ತಂದರು. ಕುದಿಯುವ ಎಣ್ಣೆಯ ಬಾಣಲೆ ಮಗುಚಿ ಅವನ ಬೆನ್ನು, ತೊಡೆಗಳೆಲ್ಲ ಬೆಂದಿದ್ದವು. ಗಾಯ ಮುಚ್ಚುವಷ್ಟು ಚರ್ಮ ಅವನ ಮೈಮೇಲೆ ಉಳಿದಿರಲಿಲ್ಲ. ವಸುಮತಿ ಅವನ ಕಂಕುಳಿನಿಂದ ಚೂರು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಬಿಡಿಸಿ, ತಟ್ಟೆಯಲ್ಲಿ ಬೆಳೆಯಲು ಇಟ್ಟಳು.

ಬೆಳೆದ ಚರ್ಮ ಬಿಡಿಸುವಾಗ ಹರಿಯಬಾರದೆಂದು ತೀರ ನುಣುಪಾದ ತಟ್ಟೆಯನ್ನೇ ಆರಿಸಿದ್ದಳು. ಅಲ್ಲಿ ಹದವಾದ ಶಾಖವಿತ್ತು, ಆಹಾರವಿತ್ತು. ಆದರೂ ಕೋಶಗಳು ಹಿಡಿಯಲು ನೆಲೆಯಿಲ್ಲದೆ ಗುಂಡಗೆ ಮುದುಡಿ ತೇಲಿದವು. ಮರುದಿನ ನೋಡಿದರೆ ಸತ್ತಿದ್ದವು.

ಅವಳಿಗೆ ದಿಗಿಲಾಯಿತು. ಇನ್ನೊಂದು ತಟ್ಟೆಗೆ ಅಂಟನ್ನು ದಪ್ಪಗೆ ಬಳಿದು, ಮಿಕ್ಕ ಕೋಶಗಳಲ್ಲಿ ಕೆಲವನ್ನು ಬಿಟ್ಟಳು. ಈ ಸಲ ಅವು ಹಿಡಿದುಕೊಂಡವು. ರೊಟ್ಟಿಯಂತೆ ಅಗಲವಾದವು. ಬದುಕಿದವು. ಆದರೆ ಇದ್ದಲ್ಲೇ ಕಚ್ಚಿಕೊಂಡು ಕುಳಿತವು. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು, ನಡುವೆ ಬರೀ ಬಯಲು. ಚರ್ಮದ ಹಾಳೆಯಾಗಲೇ ಇಲ್ಲ.

ಅತ್ತ ಅಡುಗೆಯವನಿಗೆ ಜ್ವರ ಏರುತ್ತಿತ್ತು. ವಸುಮತಿ ಅನ್ನ ಕಲಸಿದವಳು ಒಂದು ತುತ್ತೂ ಬಾಯಿಗಿಡದೆ ಎದ್ದು ಬಂದಳು. ಬಾಗಿಲಲ್ಲಿ ಅವನ ಹೆಂಡತಿ ತಡೆದಳು.

"ಡಾಕ್ಟ್ರಮ್ಮಾ, ಚರ್ಮ ಬೆಳೀತಾ?"

"ಜೀವ ಇದೆ ತಾಯಿ. ಹರಡ್ತಾ ಇಲ್ಲ."

"ಹಂಗಂದ್ರೆ ನಾನು ಮಕ್ಕಳಿಗೆ ಏನು ಹೇಳ್ಲಿ?"

ವಸುಮತಿ ಒಳಗೆ ಹೋಗಿ ಮತ್ತೊಂದು ತಟ್ಟೆ ತೆಗೆದುಕೊಂಡಳು. ಅಂಟನ್ನು ತೆಳ್ಳಗೆ ಬಳಿದು, ಉಳಿದಿದ್ದ ಕೊನೆಯ ಕೋಶಗಳನ್ನು ಅದರಲ್ಲಿ ಬಿಟ್ಟಳು. ಕಾಯಲಾರದೆ ವರಾಂಡದಲ್ಲಿ ಅಡ್ಡಾಡಿದಳು, ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಮತ್ತೆ ಅಡ್ಡಾಡಿದಳು. ಕೊನೆಗೆ ಒಂದು ಕೋಶ ತನ್ನ ಅಂಚನ್ನು ಮುಂದಕ್ಕೆ ಚಾಚಿದ್ದು ಕಂಡಿತು. ಅದು ಅಲ್ಲಿ ಹಿಡಿದುಕೊಂಡಿತು. ಆ ಹಿಡಿತ ಗಟ್ಟಿಯಾದ ಮೇಲೆ, ಬಹಳ ನಿಧಾನವಾಗಿ, ಹಿಂದಿನ ಅಂಚನ್ನು ಬಿಡಿಸಿಕೊಂಡು ಸರಿಯಿತು. ಅದರ ಹಿಂದೆಯೇ ಇನ್ನೊಂದು ಸರಿಯಿತು. ದಿನಗಳು ಕಳೆದಂತೆ ಬಯಲು ತುಂಬಿತು.

ಆ ಹಾಳೆಯನ್ನು ಗಾಯಕ್ಕೆ ಹೊದಿಸಿದರು. ಅಲ್ಲಲ್ಲಿ ಕೊಳೆತು ಉದುರಿತು. ಉಳಿದದ್ದು ಮೈಗೆ ಹತ್ತಿಕೊಂಡಿತು. ಅಡುಗೆಯವನು ಬದುಕಿದ.

ಕತೆ ಮುಗಿಯಿತು. ಮರುಳಸಿದ್ಧನ ಮುಖ ಅರಳಿತು. "ಹಾಗಾದರೆ ಬಿಡುವುದು ತಪ್ಪಲ್ಲ ಗುರುಗಳೇ! ಹಿಂದಿನದನ್ನು ಬಿಟ್ಟಿದ್ದರಿಂದಲೇ ಆ ಕೋಶ ಮುಂದೆ ಹೋಯಿತು."

"ಅದು ಹಿಡಿದಿತ್ತು, ಆಮೇಲೆ ಬಿಟ್ಟಿತು, ನೀನು ಯಾವತ್ತು ಹಿಡಿದಿದ್ದೆ ಮಗು?" ಎಂದರು ಗುರುಗಳು.

ಮರುಳಸಿದ್ಧ ಗುರುಗಳ ಎದುರು ಕೂತ.